ಎಲ್ಲರೂ ನಕ್ಕರು, ನಮ್ಮ ಜಾಕಿ ಮಾತ್ರ ನಗಲಿಲ್ಲ!

ಚಿತ್ರರಸಿಕ ಮಿತ್ರರೇ, ಒಂದೇ ಪಿಕ್ಚರನ್ನು ನೀವು ಹೆಚ್ಚೆಂದರೆ ಎಷ್ಟು ಸಲ ನೋಡಿದ್ದೀರಿ? ಐದು? ಹತ್ತು? ಅಣ್ಣಾವ್ರ ಚಿತ್ರವನ್ನು ಇಪ್ಪತ್ತೈದು ಸಲ ನೋಡಿ, ಹರಿದ ಟಿಕೆಟುಗಳನ್ನೆಲ್ಲ ಪಾಕೀಟಿನಲ್ಲಿ ಜೋಪಾನ ಮಾಡಿಟ್ಟುಕೊಂಡ ಭೂಪರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ನಾನು ಅಷ್ಟು ದೊಡ್ಡ ಭೂಪನಲ್ಲ. ಆದರೆ ಒಂದು ಪಿಕ್ಚರನ್ನು ಒಂದೇ ವಾರದಲ್ಲಿ ಮೂರು ಸಲ ನೋಡಿದ್ದೇನೆ. ಅದು ಕನ್ನಡದ್ದಲ್ಲ, ಹಿಂದೀದೂ ಅಲ್ಲ. 'ಇಂಗ್ಲಿಷ್ ಪಿಕ್ಚರ್' ಅಂತ ನಾವು ಕರೀತಿದ್ದೆವು. ಅದು ಇಂಗ್ಲಿಷೂ ಅಲ್ಲ ಅನ್ನೋದು ತಿಳಿಯಲಿಕ್ಕೆ ನನಗೆ ಹತ್ತು ವರ್ಷ ಬೇಕಾಯಿತು!

1982ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು, ರಿಸಲ್ಟ್ ಬಂದಿರಲಿಲ್ಲ. ಮನುಷ್ಯನ ಆಯುಷ್ಯದಲ್ಲಿ ಅಂಥ ಎರಡು ತಿಂಗಳು ಮತ್ತೆ ಬರೋದಿಲ್ಲ ಬಿಡಿ. ನಮ್ಮದು ಮುಂಡರಗಿ ಹತ್ತಿರದ ಒಂದು ಹಳ್ಳಿ. ಆಗಿನ್ನೂ ಧಾರವಾಡ ಜಿಲ್ಲೆ. ಗದಗ ಜಿಲ್ಲೆ ಅಂತ ಆದದ್ದು 1997ರಲ್ಲಿ. ಜಿಲ್ಲೆ ಯಾವುದಾದರೇನು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹುಡುಗರಿಗೆಲ್ಲ ಸಿನಿಮಾದ ರಾಜಧಾನಿ ಗದಗವೇ! ನಮ್ಮೂರ ಜಾತ್ರೆಗೆ ಬರೋ ಟೂರಿಂಗ್ ಟಾಕೀಸಿನಲ್ಲಿ ಹಳೇ ಪ್ರಿಂಟು, ಪರದೆ ತುಂಬ ಮಳೆ ಸುರಿದಂಥ ಗೆರೆ, ನಡುನಡುವೆ ರೀಲು ತುಂಡು. ಫೈಟಿಂಗಿನ ಫಾರಿನ್ ಪಿಕ್ಚರ್ ನೋಡಬೇಕೆಂದರೆ ಬೆಳಗಿನ ಬಸ್ಸು ಹಿಡಿಯಬೇಕು. ನಲವತ್ತು ಕಿಲೋಮೀಟರಿನ ಆಜುಬಾಜು ದಾರಿ. ಕಪ್ಪತಗುಡ್ಡ ಹಿಂದೆ ಸರಿಯಿತೆಂದರೆ ಗದಗ ಬಂತೆಂದು ಲೆಕ್ಕ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬುಕ್‌ಸ್ಟಾಲಿನ ಮುಂದೆ ದಾರಕ್ಕೆ ತೂಗುಹಾಕಿದ ಸಿನಿಮಾ ವಾರಪತ್ರಿಕೆಗಳ ಮುಖಪುಟವನ್ನು ಅಂಗಡಿಯವ ಬೈಯೋತನಕ ಪುಕ್ಕಟೆ ಓದಿ, ಎರಡೆರಡು ಮಿರ್ಚಿ ಭಜಿ ತಿಂದು, ಮಾರ್ನಿಂಗ್ ಷೋಗೆ ಓಟ.

ನಾವು ನಾಲ್ವರು. ಅವರಲ್ಲಿ ಒಬ್ಬನ ಸುದ್ದಿ ಇದು. ಅವನ ಹೆಸರು ಹೇಳೋದಿಲ್ಲ, ಇವತ್ತು ಮೊಮ್ಮಕ್ಕಳನ್ನು ಆಡಿಸೋ ಮನುಷ್ಯ. ತೆಳ್ಳಗಿನ ಆಳು, ಮೂಗು ಮಾತ್ರ ತುಸು ದೊಡ್ಡದು. ಆ ಬೇಸಿಗೆ ಕಳೆದ ಮೇಲೆ ಊರೆಲ್ಲಾ ಅವನನ್ನು 'ಜಾಕಿ' ಅಂತಲೇ ಕರೆಯಿತು. ನಾನೂ ಹಾಗೇ ಕರೆಯುತ್ತೇನೆ.

ನಿಜ ಹೇಳಬೇಕೆಂದರೆ ನಾವು ಹೋದದ್ದು ಬ್ರೂಸ್ ಲೀ ಸಲುವಾಗಿ. ಆತ 1973ರ ಜುಲೈ 20ರಂದೇ ಹಾಂಗ್‌ಕಾಂಗಿನಲ್ಲಿ ತೀರಿಕೊಂಡಿದ್ದ, ವಯಸ್ಸು ಬರೀ ಮೂವತ್ತೆರಡು. 'ಎಂಟರ್ ದಿ ಡ್ರ್ಯಾಗನ್' ತೆರೆಗೆ ಬಂದಾಗ ನಾಯಕನೇ ಇರಲಿಲ್ಲ! ಆದರೆ ತಮಾಷೆ ನೋಡಿ, ಅವನು ಸತ್ತ ಮೇಲೂ ಅವನ ಹೆಸರಿನ ಪಿಕ್ಚರುಗಳು ಬರುತ್ತಲೇ ಇದ್ದವು. ಬ್ರೂಸ್ ಲಿ ಅಂತ ಒಬ್ಬ, ಬ್ರೂಸ್ ಲೆ ಅಂತ ಮತ್ತೊಬ್ಬ. ಒಂದು ಅಕ್ಷರ ಆಚೀಚೆ ಮಾಡಿ ಜಗತ್ತಿನ ಹುಡುಗರ ಕಿಸೆಗೆ ಕೈಹಾಕಿದ ಕಳ್ಳರು! ನಾವೂ ಎರಡು ಸಲ ಟೋಪಿ ಹಾಕಿಸಿಕೊಂಡಿದ್ದೆವು. ಆದರೂ ಪೋಸ್ಟರಿನಲ್ಲಿ ಚೀನೀ ಮುಖ, ಎತ್ತಿದ ಕಾಲು ಕಂಡರೆ ಸಾಕು, ಕಾಲು ಅತ್ತಲೇ ಎಳೀತಿತ್ತು. ಆ ದಿನದ ಪೋಸ್ಟರಿನ ಮೇಲಿದ್ದ ಹೆಸರು 'ಡ್ರಂಕನ್ ಮಾಸ್ಟರ್'.

ಗಾಂಧಿ ಕ್ಲಾಸಿನಲ್ಲಿ ಕೂತೆವು. ಶುರುವಾಯಿತು. ಮೊದಲಿಗೇ ನಮಗೆಲ್ಲ ಆಘಾತ! ಕಥಾನಾಯಕ ಹೊಡೆಸಿಕೊಳ್ಳುತ್ತಾನೆ! ಅದೂ ಯಾರಿಂದ? ಪೇಟೆಯಲ್ಲಿ ಒಂದು ಹುಡುಗಿಯನ್ನು ಚುಡಾಯಿಸಲಿಕ್ಕೆ ಹೋಗಿ, ಆ ಹುಡುಗಿಯ ಅವ್ವನ ಕೈಯಿಂದ! ಆಮೇಲೆ ತಿಳಿದರೆ ಆಕೆ ಇವನ ಸ್ವಂತ ಅತ್ತೆ! ಥೇಟರಿನಲ್ಲಿ ಹಿಂದಿನಿಂದ ಯಾರೋ ಕೂಗಿದರು:

"ಲೇ, ಇಂವ ಬಡಿಸಿಗೊಳ್ಳಾಕತ್ಯಾನಲೇ! ಬ್ರೂಸ್ ಲೀ ಯಾವಾಗ ಬರ್ತಾನ?"

ಬ್ರೂಸ್ ಲೀ ಬರಲೇ ಇಲ್ಲ. ಹತ್ತು ನಿಮಿಷದಲ್ಲಿ ಅವನು ಬರೋದು ಯಾರಿಗೂ ಬೇಕಾಗಲೂ ಇಲ್ಲ. ಈ ಹೊಸ ಹುಡುಗ ಪೆಟ್ಟು ತಿಂದರೆ ಮುಖ ಕಿವುಚಿಕೊಳ್ಳುತ್ತಾನೆ, ಕೈ ಝಾಡಿಸುತ್ತಾನೆ, ಕುಂಡಿ ತಿಕ್ಕಿಕೊಳ್ಳುತ್ತಾನೆ, ಕೈಗೆ ಸಿಕ್ಕ ಬೆಂಚು ಎತ್ತಿಕೊಂಡು ಅದರಿಂದಲೇ ಹೊಡೆದಾಡುತ್ತಾನೆ. ನಮ್ಮ ಪಿಕ್ಚರುಗಳಲ್ಲಿ ಹೊಡೆಯೋನು ಬೇರೆ, ನಗಿಸೋನು ಬೇರೆ. ಇದೇ 1978ರಲ್ಲಿ ನಮ್ಮಲ್ಲಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಬಂದಿತ್ತಲ್ಲ, ಅದರಲ್ಲಿ ವಿಷ್ಣುವರ್ಧನ್ ಹೊಡೆದಾಡುತ್ತಾರೆ, ದ್ವಾರಕೀಶ್ ನಗಿಸುತ್ತಾರೆ. ಇಬ್ಬರ ಸಂಬಳವೂ ದಕ್ಕುತ್ತದೆ! ಇಲ್ಲಿ ಒಬ್ಬನೇ ಆಸಾಮಿ ಎರಡೂ ಕೆಲಸ ಮಾಡುತ್ತಾನೆ, ಅದೂ ಒಂದೇ ಏಟಿನಲ್ಲಿ. ಹೊಡೆತವೇ ನಗೆ, ನಗೆಯೇ ಹೊಡೆತ.

ಕಥೆ ಏನಂಥ ದೊಡ್ಡದಲ್ಲ. ಉಡಾಳ ಮಗ, ಶಿಸ್ತಿನ ಅಪ್ಪ. ಮಗನನ್ನು ದಾರಿಗೆ ತರಲಿಕ್ಕೆ ಅಪ್ಪ ಕರೆಸೋದು ಕೆಂಪು ಮೂಗಿನ ಒಬ್ಬ ಮುದುಕ ಗುರುವನ್ನು. ಅವನೋ ಮೂರು ಹೊತ್ತೂ ಕುಡುಕ! ಶಿಷ್ಯನನ್ನು ಮರದ ತೊಲೆಗೆ ತಲೆಕೆಳಗಾಗಿ ನೇತುಹಾಕಿ, ಕೆಳಗಿನ ಬಕೀಟಿನಿಂದ ಸಣ್ಣ ಬಟ್ಟಲಿನಲ್ಲಿ ನೀರೆತ್ತಿ ಮೇಲಿನ ಬಕೀಟಿಗೆ ಸುರಿ ಅನ್ನುತ್ತಾನೆ. ಬರಿಗೈಯಲ್ಲಿ ಅಕ್ರೋಟ ಒಡೆಸುತ್ತಾನೆ. ಹುಡುಗ ಓಡಿಹೋಗುತ್ತಾನೆ. ದಾರಿಯಲ್ಲಿ ಒಬ್ಬ ಬಾಡಿಗೆ ಕೊಲೆಗಾರ ಸಿಕ್ಕು, ಇವನನ್ನು ಕಾಲಿನಲ್ಲೇ ಚೆಂಡಾಡಿ, ಅವಮಾನ ಮಾಡಿ ಬಿಡುತ್ತಾನೆ. ಬಾಲ ಮುದುರಿಕೊಂಡು ವಾಪಸ್ ಗುರುವಿನ ಹತ್ತಿರ. ಆಗ ಕಲಿಸುತ್ತಾನೆ ನೋಡಿ ಮುದುಕ, ಕುಡುಕರ ಎಂಟು ದೇವರ ವರಸೆ! ಒಬ್ಬೊಬ್ಬ ದೇವರದ್ದು ಒಂದೊಂದು ತೂರಾಟ. ಎಂಟನೆಯದು ಹೆಣ್ಣು ದೇವತೆಯದು. 'ಹೆಂಗಸರ ಹಂಗ ಬಳುಕೋದು ಯಾರಿಗೆ ಬೇಕು' ಅಂತ ನಮ್ಮ ಹೀರೋ ಆ ಪಾಠ ಮಾತ್ರ ಕಲಿಯೋದಿಲ್ಲ. ಕಡೆಯ ಹೊಡೆದಾಟದಲ್ಲಿ ಏಳು ದೇವರೂ ಕೈಕೊಟ್ಟಾಗ ಅದೇ ಬೇಕಾಗುತ್ತದೆ. ನಿಂತಲ್ಲೇ ತನ್ನದೇ ರೀತಿಯಲ್ಲಿ ಹೆಣ್ಣು ವರಸೆ ಹೊಸೆದು, ನುಲಿಯುತ್ತಾ, ಕೂದಲು ತೀಡಿಕೊಳ್ಳುತ್ತಾ, ಅದೇ ಕೊಲೆಗಾರನನ್ನು ಮಣ್ಣು ಮುಕ್ಕಿಸುತ್ತಾನೆ. ಶಿಳ್ಳೆಯೋ ಶಿಳ್ಳೆ! ಟಾಕೀಸಿನ ತಗಡು ಹಾರಿಹೋಗಬೇಕು!

ಅಷ್ಟರಲ್ಲಿ ನಾನು ಪಕ್ಕಕ್ಕೆ ತಿರುಗಿದೆ. ನಮ್ಮ ಜಾಕಿ ನಗುತ್ತಿರಲಿಲ್ಲ.

ಕೈಕಟ್ಟಿಕೊಂಡು ಪರದೆಯನ್ನೇ ನೋಡುತ್ತಿದ್ದ. ಪರೀಕ್ಷೆಯ ಹಾಲಿನಲ್ಲಿ ಕೂತವನ ಮುಖ. ನನಗೆ ತಟ್ಟನೆ ಹೊಳೆಯಿತು, ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಅವನ ಅಪ್ಪ ಕುಡೀತಿದ್ದ.

ಊರಿಗೇ ಗೊತ್ತಿದ್ದ ಸುದ್ದಿ ಅದು. ಮುಂಡರಗಿ ಪೇಟೆಯ ಅಡತಿ ಅಂಗಡಿಗಳಲ್ಲಿ ಹಮಾಲಿ ಮಾಡೋ ಮನುಷ್ಯ. ವಯಸ್ಸಿನಲ್ಲಿ ಗರಡಿಯಲ್ಲಿ ಮಣ್ಣು ಹಚ್ಚಿಕೊಂಡ ಪೈಲವಾನ. ಶೇಂಗಾ ಚೀಲ ಹೊತ್ತು ಲಾರಿಯ ಹಲಗೆ ಹತ್ತಿದರೆ ಹಲಗೆಯೇ ಬಾಗಬೇಕು, ಅವನು ಬಾಗ್ತಿರಲಿಲ್ಲ. ಆದರೆ ಸಂಜೆ ಬಟವಡೆ ಕೈಗೆ ಬಿತ್ತೆಂದರೆ ಸಾರಾಯಿ ಅಂಗಡಿ. ಕತ್ತಲಾದ ಮೇಲೆ ನಮ್ಮೋಣಿಯಲ್ಲಿ ಅವನು ಬರೋ ರೀತಿ... ಒಂದು ಕಾಲು ಗಟಾರದ ಕಡೆ, ಒಂದು ಕಾಲು ಗುಡಿಯ ಕಡೆ. ಹುಡುಗರು ಹಿಂದೆ ಹತ್ತಿ ಕೇಕೆ ಹಾಕುತ್ತಿದ್ದರು. ಆ ಕೇಕೆ ಹಾಕಿದವರಲ್ಲಿ ಚಿಕ್ಕಂದಿನಲ್ಲಿ ನಾನೂ ಒಬ್ಬ. ಇವತ್ತು ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಬಸ್ಸಿನಲ್ಲಿ ಊರಿಗೆ ಬರೋವಾಗ ಉಳಿದಿಬ್ಬರು ಸೀಟಿನ ನಡುವೆ ನಿಂತು ತೂರಾಡಿ ತೋರಿಸ್ತಿದ್ದರು, ಕಂಡಕ್ಟರನ ಹತ್ತಿರ ಬೈಸಿಕೊಳ್ತಿದ್ದರು. ಡಂಬಳ ದಾಟಿದ ಮೇಲೆ ಜಾಕಿ ಬಾಯಿ ಬಿಟ್ಟ:

"ನಮ್ಮಪ್ಪನೂ ಹಿಂಗ ತೂರಾಡ್ತಾನ. ಅಂವಂಗ ಯಾರೂ ಶಿಳ್ಳಿ ಹೊಡಿಯೂದಿಲ್ಲ ನೋಡು."

ನಾನೇನು ಹೇಳಲಿ? ಕಿಟಕಿಯ ಹೊರಗೆ ನೋಡಿದೆ. ಇನ್ನು ಇವನು ಆ ಪಿಕ್ಚರಿನ ಹೆಸರೆತ್ತೋದಿಲ್ಲ ಅಂದುಕೊಂಡೆ. ಆದರೆ ಮೂರನೇ ದಿನ ಬೆಳಗಾಗುವ ಮುಂಚೆ ಬಾಗಿಲಿಗೆ ಬಂದು ನಿಂತವನು ಅವನೇ! "ಏಳಲೇ, ಮತ್ತೊಮ್ಮೆ ನೋಡೂಣು." ನಾವಿಬ್ಬರೇ ಹೋದೆವು. ಆ ವಾರದಲ್ಲೇ ಇನ್ನೊಮ್ಮೆ. ಮೂರನೆಯ ಸಲ ಅವನು ಮುಖ ನೋಡಲೇ ಇಲ್ಲ, ಬರೀ ಕಾಲು ನೋಡಿದ. ಹೊರಗೆ ಬಂದು ಚಹಾ ಕುಡಿಯುತ್ತಾ ದೊಡ್ಡ ಪಂಡಿತನ ಹಾಗೆ ಹೇಳಿದ:

"ಅಂವ ಕುಡದಿಲ್ಲಲೇ. ಒಂದ ಹನಿ ಕುಡದಿಲ್ಲ. ಖರೇ ಕುಡದವ್ರ ಹಿಂಗ ಬಾಗಿದ್ರ ಬೀಳ್ತಾರ. ಕುಡದವನ ಕೈಯಾಗ ಬಟ್ಲ ಹಂಗ ನಿಲ್ಲೂದಿಲ್ಲ. ನಂಗ ಗೊತ್ತೈತಿ."

ಮಿತ್ರರೇ, ಆ ಚಿತ್ರದ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದೆ. ಅಷ್ಟು ಬಲ್ಲ ಮಾತನ್ನು ಯಾವ ವಿಮರ್ಶಕ ಮಹಾಶಯನೂ ಹೇಳಿದ್ದು ಕಾಣೆ!

ಓದಿದ್ದನ್ನು ತುಸು ಹೇಳಿಬಿಡುತ್ತೇನೆ. ಜಾಕಿ ಚಾನ್ ಹುಟ್ಟಿದ್ದು 1954ರಲ್ಲಿ, ಹಾಂಗ್‌ಕಾಂಗಿನಲ್ಲಿ. ಅಪ್ಪ ಅಡಿಗೆಯವ, ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾಕ್ಕೆ ಹೋದ. ಹುಡುಗನನ್ನು ಯು ಜಿಮ್-ಯೂಎನ್ ಅನ್ನೋ ಗುರುವಿನ ನಾಟಕಶಾಲೆಯಲ್ಲಿ ಬಿಟ್ಟರು, ಹತ್ತು ವರ್ಷದ ಕರಾರು! ಚೀನಾದ ಸಂಗೀತ ನಾಟಕ ಅಂದರೆ ನಮ್ಮ ದೊಡ್ಡಾಟದ ಬೀಗರು ಅಂತಲೇ ಇಟ್ಟುಕೊಳ್ಳಿ. ಮುಖಕ್ಕೆ ಬಣ್ಣ, ತಾಳ ಜಾಗಟೆ, ಕುಣಿತ, ಹಾಡು, ಯುದ್ಧ ಎಲ್ಲ ಒಂದೇ ಮೈಯಲ್ಲಿ ಆಗಬೇಕು. ಅದಕ್ಕಾಗಿ ಬೆಳಗಿನಿಂದ ರಾತ್ರಿತನಕ ಲಾಗ, ಕೈಮೇಲೆ ನಿಲ್ಲೋದು, ತಪ್ಪಿದರೆ ಬೆತ್ತ. ಗರುಡ ಸದಾಶಿವರಾಯರ ಕಂಪನಿ ಹುಟ್ಟಿದ ಗದಗದವರಿಗೆ ಇಂಥ ಬದುಕು ಹೊಸದಲ್ಲ. ನಾಟಕದ ಡೇರೆಯಲ್ಲೇ ಹುಟ್ಟಿ, ಬಣ್ಣದ ಡಬ್ಬಿಯ ಪಕ್ಕ ಮಲಗಿ ಬೆಳೆದ ಮಕ್ಕಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಸ್ಯಾಮೋ ಹಂಗ್, ಯೂಎನ್ ಬಿಯಾವ್ ಅದೇ ಶಾಲೆಯ ಹುಡುಗರು. ಶಾಲೆ ಬಿಟ್ಟ ಮೇಲೆ ನಾಟಕಕ್ಕೆ ಗಿರಾಕಿ ಇಲ್ಲ. ಸಿನಿಮಾದಲ್ಲಿ ಬೀಳೋ ಕೆಲಸ ಸಿಕ್ಕಿತು. 'ಎಂಟರ್ ದಿ ಡ್ರ್ಯಾಗನ್'ನಲ್ಲಿ ಬ್ರೂಸ್ ಲೀ ಒಬ್ಬನ ಕೂದಲು ಹಿಡಿದು ಕತ್ತು ಮುರಿಯುತ್ತಾನಲ್ಲ, ಆ ಪುಣ್ಯಾತ್ಮನೇ ನಮ್ಮ ಜಾಕಿ ಚಾನ್! ನಾವೂ ನೋಡಿದ್ದೆವು, ಗುರುತು ಹಿಡಿದಿರಲಿಲ್ಲ. ಬೀಳೋರ ಗುರುತು ಯಾರು ಹಿಡೀತಾರೆ?

ಬ್ರೂಸ್ ಲೀ ಹೋದ ಮೇಲೆ ಇವನನ್ನೇ ಎರಡನೇ ಬ್ರೂಸ್ ಲೀ ಮಾಡಲಿಕ್ಕೆ ನೋಡಿದರು. 1976ರ 'ನ್ಯೂ ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ಹುಬ್ಬು ಗಂಟಿಕ್ಕಿ ಸಿಟ್ಟು ಮಾಡಿದ. ಓಡಲಿಲ್ಲ. 1978ರಲ್ಲಿ ನಿರ್ಮಾಪಕ ಎನ್‌ಜಿ ಸೀ-ಯೂಎನ್ ಇವನನ್ನು ಎರಡು ಚಿತ್ರಕ್ಕೆ ಕಡ ತಂದ. ನಿರ್ದೇಶಕ ಯೂಎನ್ ವೂ-ಪಿಂಗ್. ಮೊದಲು 'ಸ್ನೇಕ್ ಇನ್ ದಿ ಈಗಲ್ಸ್ ಶ್ಯಾಡೋ', ಅದೇ ವರ್ಷದ ಅಕ್ಟೋಬರಿನಲ್ಲಿ 'ಡ್ರಂಕನ್ ಮಾಸ್ಟರ್'. ಸಿಟ್ಟಿನ ಬದಲು ನಗೆ ಹಾಕಿದರು, ಗೆದ್ದರು. ಕುಡುಕ ಗುರುವಿನ ಪಾತ್ರ ಮಾಡಿದ ಅರವತ್ತು ದಾಟಿದ ಯೂಎನ್ ಸಿಯು-ಟಿಯೆನ್ ನಿರ್ದೇಶಕನ ಸ್ವಂತ ಅಪ್ಪ! ಚಿತ್ರ ಬಂದ ಮೂರು ತಿಂಗಳಿಗೆ, 1979ರ ಜನವರಿಯಲ್ಲಿ ತೀರಿಕೊಂಡ. ಮಗ ಅಪ್ಪನಿಗೆ ಕುಡುಕನ ವೇಷ ಹಾಕಿಸಿ ಜಗತ್ತಿಗೆಲ್ಲ ತೋರಿಸಿದ್ದು... ಇದನ್ನು ಓದಿದ ದಿನ ಜಾಕಿಗೆ ಹೇಳಬೇಕೋ ಬೇಡವೋ ಅಂತ ನಾನು ಬಹಳ ಹೊತ್ತು ಯೋಚನೆ ಮಾಡಿದೆ. ಹೇಳಿದೆ. "ಹೌದಾ?" ಅಂದ, ಅಷ್ಟೇ.

ಇನ್ನೊಂದು ಸ್ವಾರಸ್ಯ. ಆ ಉಡಾಳ ಹುಡುಗನ ಹೆಸರು ವಾಂಗ್ ಫೀ-ಹಂಗ್. ಅದು ಬರೀ ಕಥೆಯ ಹೆಸರಲ್ಲ! ಗ್ವಾಂಗ್‌ಡಾಂಗ್ ಪ್ರಾಂತದ ಫೋಶಾನ್ ಕಡೆಯ ನಿಜವಾದ ಗುರು, ಮುರಿದ ಎಲುಬು ಕೂಡಿಸೋ ವೈದ್ಯ. 1949ರಿಂದ ಕ್ವಾನ್ ತಕ್-ಹಿಂಗ್ ಅನ್ನೋ ನಟ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವನ ಪಾತ್ರ ಮಾಡಿ, ಜನರ ಮನಸ್ಸಿನಲ್ಲಿ ದೇವರನ್ನಾಗಿ ಮಾಡಿಬಿಟ್ಟಿದ್ದ. ಅಂಥವನನ್ನು ಹುಡುಗಿಯರ ಹಿಂದೆ ತಿರುಗೋ, ಹೋಟೆಲಿನಲ್ಲಿ ತಿಂದು ಕಾಸು ಕೊಡದ ಪೋಕರಿ ಮಾಡಿ ತೋರಿಸಿದರು! 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ನಮ್ಮ ಮುಂಡರಗಿ ಭೀಮರಾಯನನ್ನು ಯಾರಾದರೂ ಹಾಗೆ ತೋರಿಸಿದ್ದರೆ ನಾವು ಟಾಕೀಸಿನ ಕುರ್ಚಿ ಉಳಿಸುತ್ತಿದ್ದೆವೇ? ಹಾಂಗ್‌ಕಾಂಗಿನವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರು ನಕ್ಕದ್ದು ತಮ್ಮ ಮನೆಮಾತಿನಲ್ಲಿ, ಅದು ಮುಖ್ಯ. ಗದಗದಲ್ಲಿ ನಾವು ಕೇಳಿದ್ದು ಇಂಗ್ಲಿಷ್ ಡಬ್ಬಿಂಗು. ಬಾಯಿ ಮುಚ್ಚಿದ ಮೇಲೂ ಮಾತು ಕೇಳ್ತಿತ್ತು! ಮೂಲ ಚಿತ್ರ ಕ್ಯಾಂಟೊನೀಸ್ ಭಾಷೆಯದು. ಹಾಂಗ್‌ಕಾಂಗಿನ ಜನರ ಮಾತು ಅದೇ. ಆದರೂ 70ರ ದಶಕದ ಶುರುವಿನಲ್ಲಿ ಅಲ್ಲಿನ ಸ್ಟುಡಿಯೋಗಳೆಲ್ಲ ಮ್ಯಾಂಡರಿನ್ ಹಿಂದೆ ಬಿದ್ದು, ಕ್ಯಾಂಟೊನೀಸ್ ಚಿತ್ರ ಹೆಚ್ಚುಕಡಿಮೆ ನಿಂತೇಹೋಗಿತ್ತು. 1973ರಲ್ಲಿ 'ದಿ ಹೌಸ್ ಆಫ್ 72 ಟೆನೆಂಟ್ಸ್' ಅನ್ನೋ ಒಂದು ನಗೆಚಿತ್ರ ಭರ್ಜರಿ ಓಡಿತು. ಮರುವರ್ಷ ಮೈಕಲ್ ಹುಯಿಯ ನಗೆಚಿತ್ರ ಬಂತು, ಆ ಮಾತು ಪರದೆಗೆ ವಾಪಸ್ ಬಂತು. ಓಣಿಯ ಮಾತಿಲ್ಲದೆ ಓಣಿಯವರನ್ನು ನಗಿಸೋದು ಹೇಗೆ ಹೇಳಿ? ನಮ್ಮದನ್ನೇ ನೋಡಿ. ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ, ಅಲ್ಲಿಯದು ತಿರುಳ್ಗನ್ನಡ ಅಂತ ಪಂಪನ ಕಾಲದಿಂದ ಹೊಗಳಿಸಿಕೊಂಡ ಸೀಮೆ. ಆದರೆ ನಮ್ಮ ಕಾಲದ ಸಿನಿಮಾದಲ್ಲಿ ಈ ಕಡೆಯ ಮಾತು ಕೇಳಿಸ್ತಿದ್ದದ್ದು ಬಹುತೇಕ ಹಾಸ್ಯಗಾರನ ಬಾಯಲ್ಲೇ. ಹೀರೋ 'ಹೋಗೋಣ ಬಾ' ಅಂತಿದ್ದ, ಅವನ ಆಳು 'ಹೋಗೂಣು ಬರ್ರೀ' ಅಂತಿದ್ದ! ಇರಲಿ, ಆ ಜಗಳ ಇನ್ನೊಂದು ದಿನಕ್ಕೆ.

ಜಾಕಿಯ ಮಾತಿಗೆ ಬರೋಣ. ಆ ಬೇಸಿಗೆಯಲ್ಲಿ ಅವನು ಶೇಂಗಾ ಹೊಟ್ಟಿನ ರಾಶಿಯ ಮೇಲೆ ಬೀಳಲಿಕ್ಕೆ ಶುರು ಮಾಡಿದ. ಹಿಂದಕ್ಕೆ ಬೀಳೋದು, ಮಗ್ಗುಲಿಗೆ ಬೀಳೋದು, ಬಟ್ಟಲು ಕೈಯಲ್ಲಿ ಹಿಡಿದು ನೀರು ಚೆಲ್ಲದ ಹಾಗೆ ಬೀಳೋದು. ಒಂದು ದಿನ ರಾಶಿ ತಪ್ಪಿ ಕಲ್ಲಿನ ಮೇಲೆ ಬಿದ್ದ. ಮುಂಗೈ ಊದಿ ಹೀರೇಕಾಯಿ ಆಯಿತು. ಅಪ್ಪನಿಗೆ ಹೆದರಿ ಒಂದು ರಾತ್ರಿ ಮುಚ್ಚಿಟ್ಟ. ಬೆಳಿಗ್ಗೆ ಅವನೇ ಕಂಡ. ಬೆಳಗಿನ ಅಪ್ಪ ಬೇರೆ, ಸಂಜೆಯ ಅಪ್ಪ ಬೇರೆ ಅಂತ ಜಾಕಿ ಹೇಳ್ತಿದ್ದ. ಆ ಬೆಳಗಿನ ಅಪ್ಪ ಕೈಗೆ ಎಣ್ಣೆ ಹಚ್ಚಿ, ನೀವಿ, ಬಿದಿರಿನ ಚಕ್ಕೆ ಇಟ್ಟು ಬಿಗಿಯಾಗಿ ಕಟ್ಟಿ, ನನ್ನೆದುರಿಗೇ ಹೇಳಿದ:

"ಬೀಳುವಾಗ ಅಂಗೈ ಊರತಿ, ಅದಕ್ಕ ಹಿಂಗಾಗೈತಿ. ಗದ್ದ ಎದಿಗೆ ಹಚ್ಚು, ಬೆನ್ನ ಗುಂಡಗ ಮಾಡು, ನೆಲಾನ ನಿನ್ನ ಹಿಡಕೊಳ್ಳತೈತಿ. ಗರಡ್ಯಾಗ ಮೊದಲ ಕಲಸೂದು ಒಗಿಯೂದಲ್ಲ ತಮ್ಮಾ, ಬೀಳೂದು."

ಹೇಳಿ, ಅಂಗಳದಲ್ಲೇ ಬಿದ್ದು ತೋರಿಸಿದ. ನಲವತ್ತೈದು ವರ್ಷದ ಮನುಷ್ಯ, ಬೆಕ್ಕು ಬಿದ್ದ ಹಾಗೆ ಸಪ್ಪಳಿಲ್ಲದೆ ಬಿದ್ದ, ಬಿದ್ದ ವೇಗದಲ್ಲೇ ಎದ್ದು ನಿಂತ! ನಾನು ಬೆರಗಾದೆ. ಸಂಜೆ ಅದೇ ಮನುಷ್ಯ ಗಟಾರದ ದಂಡೆಯಲ್ಲಿ ಬಿದ್ದಿದ್ದ. ಆ ಬೀಳೋದರಲ್ಲಿ ಗರಡಿಯ ಗುರುತೇ ಇರಲಿಲ್ಲ.

ಆಮೇಲೆ ವಿಡಿಯೋ ಬಂತು. ಗದಗದಲ್ಲಿ ಒಂದು ಖೋಲಿ, ಒಂದು ಟೀವಿ, ನೆಲದ ಮೇಲೆ ನೂರು ಹುಡುಗರು, ಬೆವರು. ಅಲ್ಲಿ 'ಪ್ರಾಜೆಕ್ಟ್ ಎ' ನೋಡಿದೆವು, 1983ರದ್ದು. ಗಡಿಯಾರದ ಗೋಪುರದಿಂದ ಜಾಕಿ ಚಾನ್ ಕೈಬಿಟ್ಟು, ಎರಡು ಬಟ್ಟೆ ಚಪ್ಪರ ಹರಿದುಕೊಂಡು ನೆಲಕ್ಕೆ ಬೀಳುತ್ತಾನೆ. ಕಟ್ ಇಲ್ಲ, ಡೂಪ್ ಇಲ್ಲ! ಪಿಕ್ಚರ್ ಮುಗಿದ ಮೇಲೆ ಹೆಸರುಗಳ ಜೊತೆಗೆ ತಪ್ಪಿದ ಶಾಟುಗಳನ್ನೇ ತೋರಿಸುತ್ತಾರೆ, ಬಿದ್ದದ್ದು, ನೊಂದದ್ದು, ಎತ್ತಿಕೊಂಡು ಹೋದದ್ದು. ಎಲ್ಲರೂ ಎದ್ದು ಹೊರಟರೆ ಜಾಕಿ ಮಾತ್ರ ಅದಕ್ಕಾಗಿಯೇ ಕೂತಿರ್ತಿದ್ದ. ನಮ್ಮ ಶಂಕರ್‌ನಾಗ್ ಅವರನ್ನೂ 'ಕರಾಟೆ ಕಿಂಗ್' ಅಂತ ಎತ್ತಿ ಮೆರೆಸಿದವರು ನಾವು, 'ಆಟೋ ರಾಜ'ದ ಹಾಗೆ ಕಾಲರ್ ಏರಿಸಿಕೊಂಡವರು. ಆದರೆ ಅವರ ಏಟು ತಿಂದು ಹಾರಿಬಿದ್ದವರ ಹೆಸರು ನಮ್ಮಲ್ಲಿ ಒಬ್ಬನಿಗಾದರೂ ಗೊತ್ತಿತ್ತೇ?

ಮಿತ್ರರೇ, ಇದು ಬರೀ ಹಳೇ ನೆನಪಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಜಾಕಿ ಚಾನ್ ನಮ್ಮ ಮನೆ ಬಾಗಿಲಿಗೇ ಬಂದು ಹೋದ, ಗೊತ್ತಲ್ಲ! 2005ರಲ್ಲಿ ತೆರೆಗೆ ಬಂದ 'ದಿ ಮಿತ್' ಚಿತ್ರದ ಚಿತ್ರೀಕರಣ ನಡೆದದ್ದು ನಮ್ಮ ಹಂಪಿಯಲ್ಲಿ. ನಿರ್ದೇಶಕ ಸ್ಟ್ಯಾನ್ಲಿ ಟಾಂಗ್, ಜೊತೆಗೆ ಮಲ್ಲಿಕಾ ಶೆರಾವತ್. ಗದಗದಿಂದ ರೈಲು ಹತ್ತಿದರೆ ಕೊಪ್ಪಳ ದಾಟಿ ಹೊಸಪೇಟೆ! ನಮಗೆ ಸುದ್ದಿ ಮುಟ್ಟೋ ಹೊತ್ತಿಗೆ ಅವರು ಗಂಟು ಕಟ್ಟಿಕೊಂಡು ಹೋಗಿದ್ದರು. ಜಾಕಿ ಎರಡು ದಿನ ಊಟ ಬಿಟ್ಟ. ಆಮೇಲೆ ಸೀಡಿ ತಂದು ನೋಡಿದೆವು. ಕಥೆ ಅಷ್ಟಕ್ಕಷ್ಟೆ, ಆದರೆ ಇಲಿ ಹಿಡಿಯೋ ಅಂಟಿನ ಕಾರ್ಖಾನೆಯ ಒಂದು ಹೊಡೆದಾಟ ಇದೆ ನೋಡಿ! ಓಡೋ ಪಟ್ಟಿಯ ತುಂಬ ಅಂಟು. ಕಾಲಿಟ್ಟರೆ ಬೂಟು ಹೋಯಿತು, ಬಿದ್ದರೆ ಅಂಗಿ ಹೋಯಿತು. ಐವತ್ತು ದಾಟಿದ ಜಾಕಿ ಚಾನ್ ಅದೇ 1978ರ ಉಡಾಳ! ನಮ್ಮ ಜಾಕಿಗೆ ಆಗ ತಲೆ ನೆರೆಯಲಿಕ್ಕೆ ಶುರುವಾಗಿತ್ತು. ಅಡತಿ ಅಂಗಡಿಯಲ್ಲಿ ಗುಮಾಸ್ತಿಕೆ, ಜಾತ್ರೆಯ ಸಮಯಕ್ಕೆ ನಾಟಕದ ಹಾಸ್ಯಪಾತ್ರ. ಸೀಡಿ ಮುಗಿದ ಮೇಲೆ, "ವಯಸ್ಸಾದ್ರೂ ಗದ್ದ ಎದಿಗೆ ಹಚ್ಚೂದು ಮರತಿಲ್ಲ ನೋಡು" ಅಂದ.

ಇನ್ನೊಂದು ವಾರ ನೆನಪಿದೆ, ಸಂತೋಷದ್ದಲ್ಲ. 2016ರ ನವೆಂಬರ್ 7. ಬೆಂಗಳೂರಿನ ಹತ್ತಿರ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿ ಗುಡಿ'ಯ ಚಿತ್ರೀಕರಣ. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ನಾಯಕ ವಿಜಯ್ ದಡ ಸೇರಿದರು. ಖಳನಟರಾದ ಅನಿಲ್, ಉದಯ್ ಮೇಲೆ ಬರಲಿಲ್ಲ. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಟೀವಿಯವರು ಆ ಹಾರಿದ ತುಣುಕನ್ನು ದಿನವಿಡೀ ತೋರಿಸಿದರು. ಜಾಕಿ ಫೋನ್ ಮಾಡಿ, "ಬಂದ್ ಮಾಡ್ರಲೇ ಅದನ್ನ" ಅಂತ ನನ್ನ ಮೇಲೆ ರೇಗಿದ, ನಾನೇ ಟೀವಿಯವನು ಅನ್ನೋ ಹಾಗೆ. ಅದಾಗಿ ಐದೇ ದಿನಕ್ಕೆ, ನವೆಂಬರ್ 12ರಂದು, ಲಾಸ್ ಏಂಜಲೀಸಿನಲ್ಲಿ ಜಾಕಿ ಚಾನನ ಕೈಗೆ ಗೌರವ ಆಸ್ಕರ್ ಬಂತು. 56 ವರ್ಷ, 200ಕ್ಕೂ ಹೆಚ್ಚು ಚಿತ್ರ, ಮುರಿದ ಎಲುಬುಗಳು, ಕಡೆಗೂ ಇದು ಸಿಕ್ಕಿತು ಅಂತ ಅವನು ಮಾತಾಡಿದ. ಸಭೆ ನಕ್ಕು ಚಪ್ಪಾಳೆ ಹೊಡೆಯಿತು. 1986ರ 'ಆರ್ಮರ್ ಆಫ್ ಗಾಡ್' ಚಿತ್ರಕ್ಕೆ ಯುಗೊಸ್ಲಾವಿಯಾದಲ್ಲಿ ಮರದ ಟೊಂಗೆ ಮುರಿದು ಬಿದ್ದು ತಲೆಬುರುಡೆ ಒಡೆದುಕೊಂಡವನು ಅವನು. ಬದುಕಿದ್ದೇ ಹೆಚ್ಚು. ಆ ವಾರದಲ್ಲಿ ಆ ಚಪ್ಪಾಳೆ ನನ್ನ ಕಿವಿಗೆ ಹಿಡಿಸಲಿಲ್ಲ. ಅವನ ತಪ್ಪೇನೂ ಇಲ್ಲ, ಆದರೂ ಹಿಡಿಸಲಿಲ್ಲ.

ಹಾಂ, ಇಷ್ಟೆಲ್ಲ ಹೇಳುತ್ತಾ ಮುಖ್ಯವಾದ ಆ ನಾಟಕದ ಮಾತು ಬಿಟ್ಟೇಬಿಟ್ಟೆ.

1986. ನಮ್ಮೂರ ಜಾತ್ರೆ. ಗದಗದಿಂದ ಸೀನರಿ, ಗದಗದಿಂದಲೇ ಇಬ್ಬರು ನಟಿಯರು, ಹಾರ್ಮೋನಿಯಂ ಮಾಸ್ತರು. ಸಾಮಾಜಿಕ ನಾಟಕ, ಅಂದಮೇಲೆ ಒಬ್ಬ ಕುಡುಕ ಇರಲೇಬೇಕು. ಆ ಪಾತ್ರ ಜಾಕಿಗೆ ಬಂತು. ತಾಲೀಮಿನಲ್ಲಿ ಅವನು ಸುಮ್ಮನೆ ಮಾತು ಒಪ್ಪಿಸ್ತಿದ್ದ, ನಡಿಗೆ ತೋರಿಸಲೇ ಇಲ್ಲ. ನಾಟಕದ ರಾತ್ರಿ ಪರದೆಯ ಸಂದಿಯಿಂದ ನೋಡಿದೆ. ಅವನ ಅಪ್ಪ ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದ. ಮಗನ ನಾಟಕ ಅಂತ ಅವತ್ತು ಕುಡಿದಿರಲಿಲ್ಲ, ಹೊಸ ಪಟಗ ಸುತ್ತಿದ್ದ.

ಜಾಕಿ ಬಂದ. ಒಂದು ಕಾಲು ಗಟಾರದ ಕಡೆ, ಒಂದು ಕಾಲು ಗುಡಿಯ ಕಡೆ. ಕೈಯಲ್ಲಿ ನೀರು ತುಂಬಿದ ಬಟ್ಟಲು. ಹಿಂದಕ್ಕೆ ಬಾಗಿದ, ಬಾಗಿದ, ಇನ್ನೇನು ಬಿದ್ದ ಅನ್ನೋವಾಗ ಮಗ್ಗುಲಿಗೆ ಹೊರಳಿ ಉರುಳಿ ಎದ್ದ, ಹನಿ ನೀರು ಚೆಲ್ಲಲಿಲ್ಲ! ಜನ ಹುಚ್ಚೆದ್ದು ಕೂಗಿದರು. ಅರ್ಧ ಜನ ರಂಗ ನೋಡಿ ನಕ್ಕರು, ಇನ್ನರ್ಧ ಜನ ಮುಂದಿನ ಸಾಲಿನ ಪಟಗ ನೋಡಿ ನಕ್ಕರು. ಅದು ಯಾರ ನಡಿಗೆ ಅಂತ ಊರಿಗೆ ಬೇರೆ ಹೇಳಬೇಕೇ? ಹಣ ಆಯೇರಿ ಬಂತು, ಒನ್ಸ್‌ಮೋರ್ ಬಂತು. ಅವನ ಅಪ್ಪ ಮಾತ್ರ ಅಲುಗಾಡದೆ ಕೂತಿದ್ದ.

ಸೀನು ಮುಗಿದು ಶಾಲೆಯ ಖೋಲಿಗೆ ಬಂದೆವು, ಅದೇ ಬಣ್ಣದ ಮನೆ. ಜಾಕಿಯ ಕೈ ನಡುಗುತ್ತಿತ್ತು. ಬಾಗಿಲಲ್ಲಿ ಅವನ ಅಪ್ಪ. ನಾನು ಎದ್ದು ನಡುವೆ ನಿಂತೆ, ಹೊಡೆದರೆ ಹಿಡಿಯಬೇಕು ಅಂತ. ಆದರೆ ಪೈಲವಾನನನ್ನು ಹಿಡಿಯೋ ಶಕ್ತಿ ನನಗೆಲ್ಲಿತ್ತು?

ಅವನು ಬಹಳ ಹೊತ್ತು ಮಗನ ಬಣ್ಣದ ಮುಖ ನೋಡಿದ.

"ಎಡಗಾಲ ಅಲ್ಲೋ ತಮ್ಮಾ," ಅಂದ. "ಮೊದಲ ಜಾರೂದು ನಂದು ಬಲಗಾಲ."

"ಯಪ್ಪಾ..." ಅಂದ ಜಾಕಿ.

"ತಡಿ, ತೋರಸ್ತೇನಿ."

ಪಟಗ ತೆಗೆದು ಬೆಂಚಿನ ಮೇಲಿಟ್ಟ. ಆ ಗೋಡೆಯಿಂದ ಈ ಗೋಡೆಯ ಕಡೆಗೆ ಹೊರಟ. ಬಲಗಾಲು ಜಾರಿಸಲಿಕ್ಕೆ ನೋಡಿದ, ಜಾರಲಿಲ್ಲ. ಭುಜ ಸಡಿಲ ಬಿಡಲಿಕ್ಕೆ ನೋಡಿದ, ಆಗಲಿಲ್ಲ. ನೆಟ್ಟಗೆ, ಲಾರಿಯ ಹಲಗೆ ಹತ್ತುವವನ ಹಾಗೆ, ಒಂದೇ ಗೆರೆಯಲ್ಲಿ ನಡೆದು ಗೋಡೆ ಮುಟ್ಟಿದ. ಮತ್ತೆ ತಿರುಗಿ ಬಂದ. ಮತ್ತೆಯೂ ನೆಟ್ಟಗೇ ಬಂದ.

"ಬರವಲ್ದು," ಅಂತ ನಕ್ಕ. "ಇವತ್ತ ಕುಡದಿಲ್ಲಲೇ, ಅದಕ್ಕ ಬರವಲ್ದು. ನಿನಗ ಹೆಂಗ ಬಂತೋ ಮಗನ?"

ಜಾಕಿ ಎದ್ದು, ಮಾತಿಲ್ಲದೆ, ಬಲಗಾಲು ಮೊದಲು ಜಾರಿಸಿ ನಡೆದು ತೋರಿಸಿದ. ಅಪ್ಪ ಬೆಂಚಿನ ಮೇಲೆ ಕೂತು, ತಲೆಯಾಡಿಸುತ್ತಾ, ಇನ್ನೊಮ್ಮೆ ನಡಿ ಅಂತ ಕೈಮಾಡಿದ. ಹೊರಗೆ ಹಾರ್ಮೋನಿಯಂ ಶುರುವಾಗಿತ್ತು. ಮುಂದಿನ ಸೀನಿಗೆ ಕರೆಯಲಿಕ್ಕೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.